ಹೊಸ್ತಿಲು ದಾಟದ ಹೆಪ್ಪು

ಕಲ್ಲುಬಾವಿಪಾಳ್ಯ ಎಂಬ ಊರಿನ ಶಾಲೆಯಲ್ಲಿ ದಕ್ಷಿಣಾಮೂರ್ತಿ ಅಂತ ಒಬ್ಬ ಮೇಷ್ಟ್ರಿದ್ದರು. ಏಳನೇ ತರಗತಿಗೆ ಪಾಠ ಹೇಳುತ್ತಿದ್ದರು. ಬೆಳಿಗ್ಗೆ ಎದ್ದರೆ ಸ್ನಾನ, ದೇವರಿಗೆ ಎರಡು ಹೂವು, ಹಣೆಗೆ ವಿಭೂತಿ, ಆಮೇಲೆ ಶಾಲೆ. ಒಂದು ದಿನವೂ ತಡವಾಗಿ ಬಂದವರಲ್ಲ, ಒಂದು ದಿನವೂ ಕೈಯಲ್ಲಿ ಬೆತ್ತ ಹಿಡಿದವರಲ್ಲ. ಆದರೆ ಬಾಯಿ ಮಾತ್ರ ಸ್ವಲ್ಪ ಮುಂದು.

ದಿನಾ ಗಂಟೆ ಹೊಡೆದ ಕೂಡಲೆ ಅವರು ಹಾಜರಿ ಪುಸ್ತಕ ತೆರೆದು ಹೆಸರು ಕೂಗುವರು. ಮಕ್ಕಳು ಒಬ್ಬೊಬ್ಬರಾಗಿ "ಹಾಜರ್ ಸಾರ್" ಎನ್ನುವರು. ಹದಿನಾಲ್ಕನೆಯ ಹೆಸರಿಗೆ ಬಂದಾಗ ಮಾತ್ರ ಮೇಷ್ಟ್ರ ದನಿ ಒಂಚೂರು ಇಳಿಯುತ್ತಿತ್ತು.

"ಚಿತ್ತಮ್ಮ."

ಉತ್ತರವಿಲ್ಲ. ಅವರು ಒಂದು ಉಸಿರು ಕಾಯುವರು. ಆ ಒಂದು ಉಸಿರಿನಲ್ಲಿ ಅವರ ಜೀವ ಶಾಲೆಯ ಬಾಗಿಲವರೆಗೆ ಹೋಗಿ, ಯಾರೂ ಬರುತ್ತಿಲ್ಲವೆಂದು ನೋಡಿಕೊಂಡು, ಹಿಂದಕ್ಕೆ ಬರುತ್ತಿತ್ತು. ಆಮೇಲೆ ಹದಿನೈದನೆಯ ಹೆಸರು.

ಚಿತ್ತಮ್ಮ ಊರಾಚೆಯ ಗೊಲ್ಲರಹಟ್ಟಿಯ ಹುಡುಗಿ. ಲೆಕ್ಕದಲ್ಲಿ ಚುರುಕು. ಹೋದ ಆಷಾಢದಲ್ಲಿ ಅವಳ ತಾಯಿ ಕಾಮಾಲೆಯಾಗಿ ತೀರಿಕೊಂಡಳು. ತಂದೆ ಈರಣ್ಣ ದೂರದ ಇಟ್ಟಿಗೆ ಗೂಡಿನಲ್ಲಿ ದುಡಿಯುವವನು, ವಾರಕ್ಕೊಮ್ಮೆ ಬರುವವನು. ಮನೆಯಲ್ಲಿ ಉಳಿದದ್ದು ಕಣ್ಣು ಮಂಜಾದ ಅಜ್ಜಿ, ಎರಡು ಎಮ್ಮೆ, ಈ ಹುಡುಗಿ.

ತಾಯಿ ಹೋದ ಮೇಲೂ ಅವಳು ಶಾಲೆಗೆ ಬರುತ್ತಿದ್ದಳು. ಬಂದು ಕಿಟಕಿಯ ಪಕ್ಕ ಕೂರುತ್ತಿದ್ದಳು. ಮೊದಲ ಪಾಠ ಶುರುವಾಯಿತೆಂದರೆ ಅವಳ ಮುಖ ಕಿಟಕಿಯಾಚೆ ತಿರುಗುತ್ತಿತ್ತು. ಕರೆದರೆ ಕೇಳಿಸದು, ಕೇಳಿದರೆ ಉತ್ತರ ಬಾರದು. ದಸರೆ ರಜೆ ಕಳೆದ ಮೇಲೆ ಒಂದು ದಿನ ಮೇಷ್ಟ್ರು ಭಿನ್ನರಾಶಿಯ ಲೆಕ್ಕ ಕೇಳಿದರು. ಎರಡು ಸಲ ಕೇಳಿದರು. ಅವಳು ಹೊರಗೇ ನೋಡುತ್ತಿದ್ದಳು. ತರಗತಿಯೂ ತೂಕಡಿಸುತ್ತಿತ್ತು. ಒಂದು ನಗೆ ಎಬ್ಬಿಸೋಣ ಎಂದುಕೊಂಡು ಮೇಷ್ಟ್ರು ಅಂದುಬಿಟ್ಟರು:

"ಹೆಸರು ಚಿತ್ತಮ್ಮ! ಚಿತ್ತ ಮಾತ್ರ ಇಲ್ಲಮ್ಮ!"

ತರಗತಿ ಹೋ ಎಂದು ನಕ್ಕಿತು. ಮೇಷ್ಟ್ರೂ ನಕ್ಕರು. ಹುಡುಗಿ ನಗಲಿಲ್ಲ, ಅಳಲೂ ಇಲ್ಲ. ಎರಡು ದಿನ ಬಂದಳು, ಹೆಸರು ಕೂಗಿದಾಗ ಹಾಜರ್ ಅನ್ನಲಿಲ್ಲ. ಮೂರನೆಯ ದಿನ ಬರಲಿಲ್ಲ. ಆಮೇಲೆ ಬರಲೇ ಇಲ್ಲ.

ಮೇಷ್ಟ್ರಿಗೆ ತಾವು ಆಡಿದ ಮಾತು ಅಷ್ಟು ಹೊತ್ತಿಗೆ ಮರೆತೇ ಹೋಗಿತ್ತು. ಆಡಿದವರಿಗೆ ಮರೆವು ಬೇಗ. ಮಗು ಯಾಕೆ ಬರುತ್ತಿಲ್ಲವೆಂದು ವಿಚಾರಿಸಲು ಅವರೇ ಹಟ್ಟಿಗೆ ನಡೆದರು. ಜಗಲಿಯ ಮೇಲೆ ಕೂತು, ವಿದ್ಯೆಯೆಂದರೇನು, ಅದನ್ನು ಕಳ್ಳ ಯಾಕೆ ಕದಿಯಲಾರ, ಹೆಣ್ಣುಮಕ್ಕಳು ಕಲಿತರೆ ಏನಾಗುತ್ತದೆ ಎಂದು ಒಂದು ಗಂಟೆ ಹೇಳಿದರು. ಹುಡುಗಿ ಹಿತ್ತಲಲ್ಲಿ ಬೆರಣಿ ತಟ್ಟುತ್ತಿದ್ದಳು, ಈಚೆಗೆ ಬರಲಿಲ್ಲ. ಅಜ್ಜಿ ಕ್ಯಾತಜ್ಜಿ ಎಲೆ ಅಡಿಕೆ ಮೆಲ್ಲುತ್ತ ಎಲ್ಲ ಕೇಳಿಸಿಕೊಂಡಳು.

"ಮೇಷ್ಟ್ರೇ, ನಿಮ್ಮ ಹೆಸರೇನಂದ್ರಿ?"

"ದಕ್ಷಿಣಾಮೂರ್ತಿ ಅಂತ."

"ಹರಿಕತೆ ದಾಸಪ್ಪ ಹೇಳ್ತಿದ್ದ. ಆ ದೇವ್ರು ಆಲದ ಮರದ ಕೆಳಗೆ ಬಾಯಿ ಮುಚ್ಕೊಂಡು ಕೂತೇ ಋಷಿಗಳಿಗೆ ಪಾಠ ಹೇಳ್ತಾನಂತೆ. ನೀವು ಉಸಿರೇ ತಗೊಳ್ಳಲ್ವಲ್ಲ!"

ಎರಡನೆಯ ಸಲ ಹೆಡ್ ಮೇಷ್ಟ್ರು ಬರೆದ ಕಾಗದ ಹಿಡಿದು ಹೋದರು. ಶಿವರಾತ್ರಿ ಕಳೆದ ಸೋಮವಾರ ಪರೀಕ್ಷೆಯ ಪಟ್ಟಿ ಮೇಲಕ್ಕೆ ಹೋಗಬೇಕು. ಅಂದು ಬೆಳಿಗ್ಗೆ ಹಾಜರಿಲ್ಲದವರ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕುತ್ತಾರೆ. ಅವತ್ತು ಈರಣ್ಣ ಮನೆಯಲ್ಲಿದ್ದ. ಕಾಗದ ಕೈಗೆ ತೆಗೆದುಕೊಂಡು ಸುಮ್ಮನೆ ನೋಡಿದ.

"ನಾನು ಬೇಡ ಅಂದಿಲ್ಲ ಸ್ವಾಮಿ. ಅವಳೇ ಒಲ್ಲೆ ಅಂತವ್ಳೆ. ಹೋಗ್ತೀನಿ ಅಂದ್ರೆ ಹೋಗ್ಲಿ. ಇಲ್ಲಾಂದ್ರೆ ಹಬ್ಬ ಕಳೀಲಿ, ಎಮ್ಮೆ ಮಾರಿ, ಅಜ್ಜೀನೂ ಅವಳ್ನೂ ನಮ್ಮಕ್ಕನ ಮನೇಗೆ ಕಳಿಸ್ತೀನಿ. ಅಲ್ಲಿ ತೆಂಗಿನ ನಾರಿನ ಮಿಲ್ಲಿದೆ, ಕೆಲಸಕ್ಕೆ ಸೇರ್ಕೊಳ್ಲಿ."

ಮೂರನೆಯ ಸಲ, ಗೆಳತಿಯರು ಕರೆದರೆ ಬಂದಾಳು ಎಂದು ಇಬ್ಬರು ಹುಡುಗಿಯರನ್ನು ಜೊತೆಗೆ ಕರೆದುಕೊಂಡು ಹೋದರು. ಹಟ್ಟಿಯ ಬೇಲಿ ದಾಟುತ್ತಿದ್ದಂತೆ ಅವರಲ್ಲಿ ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಪಿಸುಗುಟ್ಟಿದಳು, "ಲೇ, ಚಿತ್ತ ಇಲ್ಲಮ್ಮನ ಮನೆ ಇದೇ ಕಣೇ." ಇಬ್ಬರೂ ಕಿಸಕ್ಕನೆ ನಕ್ಕರು. ಒಳಗಿನಿಂದ ಕದ ಮುಚ್ಚಿಕೊಂಡಿತು. ಅಗುಳಿ ಬಿದ್ದ ಸದ್ದು ಮೇಷ್ಟ್ರಿಗೆ ಕೇಳಿಸಿತು.

ಆಗ ಅವರಿಗೆ ನೆನಪಾಯಿತು. ತಮ್ಮ ಬಾಯಿಂದ ಬಿದ್ದ ಮಾತು ಕೈಕಾಲು ಬಂದು ಊರೆಲ್ಲ ಓಡಾಡುತ್ತಿದೆ. ಅದನ್ನು ಹಿಂದಕ್ಕೆ ಕರೆಯುವುದು ಹೇಗೆ?

ಅಂದಿನಿಂದ ಹದಿನಾಲ್ಕನೆಯ ಹೆಸರಿಗೆ ಅವರು ಎರಡು ಉಸಿರು ಕಾಯತೊಡಗಿದರು.

ಇದೇ ಹೊತ್ತಿಗೆ ಮೇಷ್ಟ್ರ ಹೆಂಡತಿ ವಿಶಾಲಾಕ್ಷಮ್ಮ ಮಗಳ ಬಾಣಂತನಕ್ಕೆಂದು ಹೊರಟರು. ಐದು ತಿಂಗಳ ಮಾತು. ಹೊರಡುವಾಗ ಸಾರಿನ ಪುಡಿ, ಉಪ್ಪಿನಕಾಯಿ ಎಲ್ಲ ತೋರಿಸಿ ಹೇಳಿದರು, "ರೀ, ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಉಪ್ಪು ಯಾರಿಗೂ ಕೊಡಬೇಡಿ. ಲಕ್ಷ್ಮಿ ಹೊಸ್ತಿಲು ದಾಟಿ ಹೋಗ್ತಾಳೆ." ಮೇಷ್ಟ್ರ ತಾಯಿಯೂ ಅದನ್ನೇ ಹೇಳುತ್ತಿದ್ದರು. ಮೇಷ್ಟ್ರು ಹೂಂ ಅಂದರು.

ಹೆಂಡತಿ ಹೋದ ಮೂರನೆಯ ದಿನಕ್ಕೆ ಮೊಸರು ಮುಗಿಯಿತು. ಮೇಷ್ಟ್ರು ಕೊನೆಯ ತೊಟ್ಟನ್ನೂ ಅನ್ನಕ್ಕೆ ಬಳಿದುಕೊಂಡು ಉಂಡು, ಪಾತ್ರೆ ತೊಳೆದಿಟ್ಟರು. ಸಂಜೆ ಹಾಲು ಬಂತು. ಕಾಯಿಸಿದರು. ಆಮೇಲೆ ಹೊಳೆಯಿತು: ಮೊಸರಾಗಲು ಹೆಪ್ಪು ಬೇಕು. ಹೆಪ್ಪು ಹೊಟ್ಟೆ ಸೇರಿದೆ. ಐವತ್ತೆರಡು ವರ್ಷ ದಿನಾ ಮೊಸರನ್ನ ಉಂಡ ಮನುಷ್ಯನಿಗೆ ಇಷ್ಟು ತಿಳಿದಿರಲಿಲ್ಲ. ಮನೆಯ ಹೆಂಗಸರಿಗೆ ಇದು ನಗೆಯ ಮಾತು, ಗಂಡಸರಿಗೆ ಬಿಡಿಸಿ ಹೇಳಬೇಕು.

ಲೋಟ ಹಿಡಿದು ಪಕ್ಕದ ಮನೆಗೆ ಹೋದರೆ ಬೀಗ. ಎದುರು ಮನೆಯ ತಾಯಿ, "ಅಯ್ಯೋ ಈಗ ತಾನೇ ಎಲ್ಲಾ ಕಡೆದುಬಿಟ್ಟೆ ಮೇಷ್ಟ್ರೇ. ಹಟ್ಟಿಗೆ ಹೋಗಿ. ಹೆಪ್ಪು ಅಂದ್ರೆ ಕ್ಯಾತಜ್ಜಿ ಮನೆದೇ ಹೆಪ್ಪು" ಅಂದಳು.

ಹೋಗಲು ಕಾಲು ಬರಲಿಲ್ಲ. ಆದರೂ ಹೋದರು.

"ಯಾರಪ್ಪಾ ಅದು?" ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ಕೇಳಿದಳು.

"ನಾನು ಅಜ್ಜಿ, ಮೇಷ್ಟ್ರು."

"ಮತ್ತೆ ಬಂದ್ರಾ? ಇವತ್ತು ಯಾವ ಪುರಾಣ?"

"ಪುರಾಣ ಇಲ್ಲ ಅಜ್ಜಿ. ಒಂದು ಚಮಚ ಹೆಪ್ಪು ಬೇಕಾಗಿತ್ತು."

ಅಜ್ಜಿ ಮೆಲ್ಲುವುದನ್ನು ನಿಲ್ಲಿಸಿದಳು. ಜಗಳವಾಡಿದವರ ಮನೆಗೂ ಬೆಂಕಿ ಕೊಡುವುದುಂಟು, ಹೆಪ್ಪು ಕೊಡುವುದುಂಟು. ಇಲ್ಲವೆನ್ನುವ ಪದ್ಧತಿ ಆ ಕಡೆ ಯಾವ ಮನೆಯಲ್ಲೂ ಇಲ್ಲ.

"ನಮ್ಮ ಮನೆ ಮೊಸರು ನಿಮಗಾಯ್ತದಾ ಮೇಷ್ಟ್ರೇ?"

"ಶ್ರೀಕೃಷ್ಣನೇ ಗೊಲ್ಲರ ಮನೆ ಗಡಿಗೆಗೆ ಕೈ ಹಾಕಿದವನು. ನಾನು ಯಾವ ಲೆಕ್ಕ ಅಜ್ಜಿ?"

ಕ್ಯಾತಜ್ಜಿ ಬೊಚ್ಚು ಬಾಯಿ ಅಗಲಿಸಿ ನಕ್ಕಳು. "ಕೂಸೇ, ಹೆಪ್ಪು ಕೊಡೇ."

ಒಳಗಿಂದ ಚಿತ್ತಮ್ಮ ಬಂದಳು. ತಲೆ ಎತ್ತಲಿಲ್ಲ. ಲೋಟಕ್ಕೆ ಒಂದು ಚಮಚ ಹಾಕಿ ಒಳಗೆ ಹೋದಳು. ಮೇಷ್ಟ್ರ ನಾಲಿಗೆಯ ತುದಿಯವರೆಗೂ ಮಾತು ಬಂದಿತ್ತು. ಬೇಡಲು ಬಂದವನು ಬುದ್ಧಿ ಹೇಳಬಾರದು ಎಂದು ನುಂಗಿಕೊಂಡರು.

ಮಾರನೆಯ ಬೆಳಿಗ್ಗೆ ನೋಡಿದರೆ ಹಾಲು ಒಡೆದು ನೀರು ನೀರಾಗಿತ್ತು. ಸಂಜೆ ಮತ್ತೆ ಲೋಟ ಹಿಡಿದು ಹೊರಟರು.

"ಹೆಪ್ಪು ನಿಲ್ಲಲಿಲ್ಲ ಅಜ್ಜಿ."

ಅಜ್ಜಿ ಬಾಯಿ ತೆರೆಯುವ ಮೊದಲೇ ಬಾಗಿಲ ಮರೆಯಿಂದ ಸಣ್ಣ ದನಿಯೊಂದು ಬಂತು.

"ಹಾಲು ಬಿಸಿ ಇತ್ತಾ ಸಾರ್?"

ಆ ದನಿ ಕೇಳಿ ಎಷ್ಟು ದಿನವಾಗಿತ್ತು! "ಕುದೀತಿತ್ತಮ್ಮ. ಆಗಲೇ ಹಾಕಿದೆ."

"ಕುದಿಯೋದಕ್ಕೆ ಹಾಕಿದ್ರೆ ಹೆಪ್ಪು ಸತ್ತೋಗ್ತದೆ ಸಾರ್. ತಣ್ಣಗಾದ್ರೂ ಹಿಡಿಯಲ್ಲ. ಕಿರುಬೆರಳು ಅದ್ದಿದ್ರೆ ಇನ್ನೊಂಚೂರು ಇಟ್ಟಿರೋಣ ಅನ್ನಿಸ್ಬೇಕು, ಅಷ್ಟೇ ಬಿಸಿ."

ಅವತ್ತು ಕಿರುಬೆರಳು ಅದ್ದಿ ನೋಡಿಯೇ ಹಾಕಿದರು. ಆದರೆ ಆಯಿತೋ ಇಲ್ಲವೋ ಎಂಬ ಕಾತರ. ಮುಚ್ಚಳ ತೆಗೆದು ನೋಡಿದರು. ಇನ್ನೂ ಇಲ್ಲ. ಪಾತ್ರೆ ಅಲ್ಲಾಡಿಸಿ ನೋಡಿದರು. ಮತ್ತೆ ತೆಗೆದರು. ಬೆಳಿಗ್ಗೆಗೆ ಹಾಲೂ ಅಲ್ಲ, ಮೊಸರೂ ಅಲ್ಲ, ಲೋಳೆ.

"ತೆಗೆದು ತೆಗೆದು ನೋಡಿದ್ರಾ ಸಾರ್?"

"ನೋಡಿದೆ."

"ನೋಡಬಾರದು. ಹೆಪ್ಪಿಗೆ ನಾಚಿಕೆ. ಹಾಕಿದ ಮೇಲೆ ಅದರ ಪಾಡಿಗೆ ಬಿಡಬೇಕು. ಧನುರ್ಮಾಸದ ಚಳಿ ಬೇರೆ. ಒಲೆ ಪಕ್ಕ ಇಟ್ಟು ಬಟ್ಟೆ ಹೊದಿಸಿ."

"ಮೇಷ್ಟ್ರಿಗೇ ಪಾಠ ಹೇಳ್ತಾವ್ಳೆ ನೋಡಿ!" ಅಂದಳು ಅಜ್ಜಿ. ಬಾಗಿಲ ಮರೆಯಲ್ಲಿ ನಗೆಯಂಥ ಒಂದು ಸದ್ದಾಯಿತು. ನಗೆಯೇ ಎಂದು ಹೇಳಲು ಆಗದಷ್ಟು ಸಣ್ಣದು.

ನಾಲ್ಕನೆಯ ದಿನ ಮೊಸರು ಆಯಿತು. ಗಟ್ಟಿಯಾಗಿ, ಸಿಹಿಯಾಗಿ. ಒಂದು ಚಮಚ ಉಳಿಸಿಕೊಂಡರೆ ಮುಂದೆ ಯಾರ ಮನೆಗೂ ಹೋಗಬೇಕಿಲ್ಲ. ಮೇಷ್ಟ್ರು ಆ ಕೊನೆಯ ಚಮಚವನ್ನು ನೋಡುತ್ತ ಕೂತರು. ಆಮೇಲೆ ಅದನ್ನೂ ಅನ್ನಕ್ಕೆ ಕಲಸಿಕೊಂಡು ತಿಂದುಬಿಟ್ಟರು. ಸಂಜೆ ಲೋಟ ಹಿಡಿದು ಹಟ್ಟಿಯ ದಾರಿ ಹಿಡಿದರು.

ಹೀಗೆ ಒಂದೂವರೆ ತಿಂಗಳು ನಡೆಯಿತು. ದಿನಾ ಸಂಜೆ ದೀಪ ಹಚ್ಚುವ ಮೊದಲು ಮೇಷ್ಟ್ರು ಲೋಟದೊಂದಿಗೆ ಬರುವರು. "ನಿನ್ನೆ ಕೊಟ್ಟಿದ್ದು?" ಎಂದು ಹುಡುಗಿ ಕೇಳುವಳು. "ತಿಂದುಬಿಟ್ಟೆನಮ್ಮ" ಎಂದು ಇವರು ತಲೆ ತಗ್ಗಿಸುವರು. "ಈ ಮೇಷ್ಟ್ರಿಗೆ ಹೊಟ್ಟೇನೋ, ಬಾವಿನೋ!" ಎಂದು ಅಜ್ಜಿ ನಗುವಳು. ಶಾಲೆಯ ಮಾತು ಅವರು ಎತ್ತಲಿಲ್ಲ. ಎಮ್ಮೆಯ ಮಾತು, ಹಿಂಡಿಯ ಮಾತು, ಮಗಳ ಮನೆಯಲ್ಲಿ ಮೊಮ್ಮಗ ಹುಟ್ಟಿದ ಮಾತು. ಕೆಲವು ಸಂಜೆ ಏನೂ ಇಲ್ಲ, ಜಗಲಿಯ ಮೇಲೆ ಸುಮ್ಮನೆ ಕೂತು ಬರುವುದು. ದಾರಿಯಲ್ಲಿ ಮಾತ್ರ ದಿನ ಲೆಕ್ಕ ಹಾಕುವರು. ಶಿವರಾತ್ರಿಗೆ ಇಪ್ಪತ್ತು ದಿನ. ಹದಿನೈದು ದಿನ.

ಒಂದು ಸಂಜೆ ಅಜ್ಜಿ ಹಿತ್ತಲಲ್ಲಿದ್ದಳು. ಚಿತ್ತಮ್ಮ ಬಾಗಿಲ ಮರೆ ಬಿಟ್ಟು ಹೊಸ್ತಿಲಿಗೆ ಬಂದು ನಿಂತಿದ್ದಳು. ಲೋಟಕ್ಕೆ ಹೆಪ್ಪು ಹಾಕುತ್ತ, ಯಾರೂ ಕೇಳದೆ, ತಾನಾಗಿ ಹೇಳಿದಳು.

"ಇದು ಅವ್ವ ಹಾಕಿದ್ದು ಸಾರ್."

"ಏನಮ್ಮ?"

"ಈ ಹೆಪ್ಪು. ಅವ್ವ ಹಾಕಿದ ಮೊಸರಲ್ಲಿ ಒಂದು ಚಮಚ ತೆಗೆದು ನಾನು ಮಾರನೇ ದಿನ ಹಾಕ್ದೆ. ಅದರಲ್ಲಿ ಒಂದು ಚಮಚ ಅದರ ಮಾರನೇ ದಿನಕ್ಕೆ. ಒಂದು ಸಂಜೇನೂ ತಪ್ಪಿಸಿಲ್ಲ. ಅವ್ವ ಇಲ್ಲ, ಅವ್ವನ ಹೆಪ್ಪು ಇನ್ನೂ ಮುರಿದಿಲ್ಲ."

ಮೇಷ್ಟ್ರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಸ್ಕೂಲಿನ ಕಿಟಕಿಯಿಂದ ಹುಣಸೇಮರದ ದಾರಿ ಕಾಣ್ತದಲ್ಲ ಸಾರ್. ಮೊದಲ್ನೇ ಪೀರಿಯಡ್ ಹೊತ್ತಿಗೆ ಅವ್ವ ಮೊಸರಿನ ಗಡಿಗೆ ಹೊತ್ಕೊಂಡು ಸಂತೆಪೇಟೆಗೆ ಹೋಗೋಳು. ನನ್ನ ಕಿಟಕಿ ನೇರಕ್ಕೆ ಬಂದಾಗ ತಲೆ ಅಲ್ಲಾಡಿಸೋ ಹಾಗಿಲ್ಲ, ಗಡಿಗೆ ಇರ್ತದಲ್ಲ. ಬೆರಳು ಮಾತ್ರ ಹಿಂಗೆ ಎತ್ತೋಳು." ಅವಳು ಕಿರುಬೆರಳು ಎತ್ತಿ ತೋರಿಸಿದಳು. "ನಂಗೆ ಗೊತ್ತು ಸಾರ್, ಬರಲ್ಲ ಅಂತ. ಆದ್ರೂ ಆ ಹೊತ್ತಾದ್ರೆ ಮುಖ ತಿರುಗ್ತದೆ."

ಹಳೆಯ ಮೇಷ್ಟ್ರಾಗಿದ್ದರೆ ಆಗ ಹತ್ತು ಸಮಾಧಾನ ಹೇಳುತ್ತಿದ್ದರು. ಹುಟ್ಟಿದವರು ಸಾಯಲೇಬೇಕು ಎನ್ನುತ್ತಿದ್ದರು. ಈ ಮೇಷ್ಟ್ರು ಬಾಯಿ ತೆರೆಯಲಿಲ್ಲ. ಮನೆಗೆ ಬಂದು ದೇವರ ಮುಂದೆ ಕೂತರು. ಶ್ಲೋಕ ನೆನಪಾಗಲಿಲ್ಲ. "ಚಿತ್ತ ಇಲ್ಲಮ್ಮ" ಎಂಬ ತಮ್ಮದೇ ದನಿ ಕಿವಿಯಲ್ಲಿ ಸುತ್ತುತ್ತಿತ್ತು. ಈ ಮಗುವಿನಷ್ಟು ಚಿತ್ತವಿಟ್ಟು ಕೂತವರು ಆ ತರಗತಿಯಲ್ಲಿ ಯಾರಿದ್ದರು?

ಮರುದಿನ ಮಕ್ಕಳು ಬರುವ ಮೊದಲೇ ಹೋಗಿ ಆ ಕಿಟಕಿಯ ಪಕ್ಕ, ನೆಲದ ಮೇಲೆ, ಅವಳು ಕೂರುತ್ತಿದ್ದ ಜಾಗದಲ್ಲಿ ಕೂತರು. ಹುಣಸೇಮರ ಕಂಡಿತು. ದಾರಿ ಕಂಡಿತು. ತಲೆಯ ಸಿಂಬಿಯ ಮೇಲೆ ಗಡಿಗೆ ಹೊತ್ತ ಯಾರೋ ಹೆಂಗಸು ಹೋಗುತ್ತಿದ್ದಳು. ಅವಳು ಈ ಕಡೆ ನೋಡಲಿಲ್ಲ.

ಅಂದು ಸಂಜೆ ಲೋಟ ಚಾಚುವ ಮೊದಲು ಮೇಷ್ಟ್ರು ಹೇಳಿದರು, "ಚಿತ್ತಮ್ಮ, ಅವತ್ತು ನಾನು ಆಡಿದ್ದು ತಪ್ಪು ಮಾತು. ಕಿಟಕಿ ಪಕ್ಕದ ಜಾಗ ಯಾರಿಗೂ ಕೊಟ್ಟಿಲ್ಲ. ಅಲ್ಲಿ ಕೂತು ಎಷ್ಟು ಹೊತ್ತು ಬೇಕಾದರೂ ಹೊರಗೆ ನೋಡು. ಇನ್ನು ನಾನು ಕೇಳೋದಿಲ್ಲ."

ಅಷ್ಟೇ ಹೇಳಿದ್ದು. ಅವಳು ಹೆಪ್ಪು ಹಾಕುವಾಗ ಚಮಚ ಲೋಟಕ್ಕೆ ತಗುಲಿ ಟಣ್ ಎಂದಿತು.

ಶಿವರಾತ್ರಿ ಬಂತು, ಹೋಯಿತು. ಅವಳು ಬರಲಿಲ್ಲ. ಪಟ್ಟಿ ಕಳಿಸುವ ಸೋಮವಾರಕ್ಕೆ ಎರಡು ದಿನ ಉಳಿದಿತ್ತು. ಶನಿವಾರ, ಅರ್ಧ ದಿನದ ಶಾಲೆ. ಮೇಷ್ಟ್ರು ಬಾಗಿಲಿಗೆ ಬಂದು ನೋಡಿದರೆ ಕಿಟಕಿಯ ಪಕ್ಕ ಚಿತ್ತಮ್ಮ ಕೂತಿದ್ದಾಳೆ!

ಹದಿನಾಲ್ಕನೆಯ ಹೆಸರು ಕೂಗಿದರು. ಅವಳು ಹಾಜರ್ ಅನ್ನಲಿಲ್ಲ. ಬಾಯಿ ತೆರೆದಂತೆ ಮಾಡಿ ಮುಚ್ಚಿಕೊಂಡಳು. ಯಾರೋ ಹಿಂದೆ ನಗಲು ನೋಡಿದರು. ಮೇಷ್ಟ್ರು ಕಣ್ಣೆತ್ತಿದ ಕೂಡಲೆ ನಿಂತಿತು. ಮುಚ್ಚಳ ತೆಗೆದು ನೋಡಬಾರದು ಎಂದುಕೊಂಡು ಅವರು ಹದಿನೈದನೆಯ ಹೆಸರಿಗೆ ಹೋದರು.

ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಮೇಷ್ಟ್ರಿಗೆ ಹೊಟ್ಟೆಯೆಲ್ಲ ಹಾಲು ಕುಡಿದಷ್ಟು ಹಿತವಾಗಿತ್ತು. ಪಾತ್ರೆಯ ತಳದಲ್ಲಿ ಕೊನೆಯ ಚಮಚ ಮೊಸರು ಉಳಿದಿತ್ತು. ದಿನಾ ತಿಂದು ಮುಗಿಸುವುದು ಅಭ್ಯಾಸ. ಕೈ ಹಾಕಿದವರು ತಡೆದರು. ಮಗು ಶಾಲೆಗೆ ಬಂದಳಲ್ಲ, ಇನ್ನು ನೆಪವೇಕೆ? ಮೊದಲ ಸಲ ಆ ಚಮಚವನ್ನು ಉಳಿಸಿ ಮುಚ್ಚಿಟ್ಟರು. ಸಂಜೆ ಹಟ್ಟಿಗೂ ಹೋಗಲಿಲ್ಲ.

ಅತ್ತ ಹಟ್ಟಿಯಲ್ಲಿ ಬೇರೆಯೇ ನಡೆದಿತ್ತು. ಮೊಮ್ಮಗಳು ಶಾಲೆಗೆ ಹೋದ ಸಂಭ್ರಮದಲ್ಲಿ ಕ್ಯಾತಜ್ಜಿ, ಕೂಸು ಬರುವಷ್ಟರಲ್ಲಿ ಕೆಲಸ ಮುಗಿಸಿಡೋಣ ಎಂದು ಮನೆಯ ಪಾತ್ರೆಯನ್ನೆಲ್ಲ ಹೊರಗೆ ಹಾಕಿಕೊಂಡು ತಿಕ್ಕಿದಳು. ಮಂಜುಗಣ್ಣು. ಹೆಪ್ಪಿನ ಕುಡಿಕೆಯೂ ಅದರಲ್ಲಿ ಸೇರಿತ್ತು. ಬೂದಿ ಹಾಕಿ, ನಾರಿನಲ್ಲಿ ತಿಕ್ಕಿ, ಲಕಲಕ ಹೊಳೆಯುವಂತೆ ತೊಳೆದು ಬೋರಲು ಹಾಕಿದಳು.

ಹೊತ್ತು ಮುಳುಗಿತು. ಮೇಷ್ಟ್ರು ದೇವರಿಗೆ ದೀಪ ಹಚ್ಚಿ ಕೈ ಮುಗಿದು ತಿರುಗಿದರು. ಅಂಗಳದಲ್ಲಿ ಚಿತ್ತಮ್ಮ ನಿಂತಿದ್ದಳು. ಕೈಯಲ್ಲಿ ಖಾಲಿ ಲೋಟ. ಉರಿಯುವ ದೀಪ ನೋಡಿ ಅವಳ ಮುಖ ಸಣ್ಣದಾಯಿತು. ಬಂದ ದಾರಿಗೆ ತಿರುಗಿದಳು.

"ಏನಮ್ಮ? ಬಂದವಳು ಹಾಗೇ ಹೊರಟೆ?"

"ಏನಿಲ್ಲ ಸಾರ್. ದೀಪ ಹಚ್ಚಿಬಿಟ್ಟಿದ್ದೀರ."

"ಹೇಳು ಮಗಳೇ."

ಅವಳು ಹೇಳಿದಳು. ಹೇಳುತ್ತ ಹೇಳುತ್ತ ದನಿ ಒಡೆಯಿತು. "ನಾನು ಸ್ಕೂಲಿಗೆ ಬರಬಾರದಾಗಿತ್ತು ಸಾರ್. ಒಂದೇ ದಿನ ಬಿಟ್ಟೆ, ಅವ್ವ ಹೊರಟೋದ್ಲು. ಬೇರೆ ಮನೆ ಹೆಪ್ಪು ಸಿಗ್ತದೆ. ಅದು ಅವ್ವಂದಲ್ಲ. ನಿಮ್ಮ ಹತ್ರ ಇದ್ರೆ ಅಂತ ಓಡಿ ಬಂದೆ. ನೀವು ತಿಂದುಬಿಟ್ಟಿರ್ತೀರ, ಗೊತ್ತು. ಇದ್ರೂ ಈಗ ತಗೋಬಾರದು. ನಿಮ್ಮ ಮನೆಗೆ ಒಳ್ಳೇದಾಗಲ್ಲ."

ಮೇಷ್ಟ್ರು ಒಳಗೆ ಓಡಿ ಮುಚ್ಚಳ ತೆಗೆದರು. ತಳದಲ್ಲಿ ಬೆರಳಗಲ ಮೊಸರು, ಹುಳಿಯಾಗಿ, ಇದೆ! ಜೀವಂತ ಇದೆ!

ಪಾತ್ರೆ ಹಿಡಿದು ಹೊಸ್ತಿಲವರೆಗೆ ಬಂದವರು ಅಲ್ಲೇ ನಿಂತರು. ಹೆಂಡತಿಯ ಮಾತು, ತಾಯಿಯ ಮಾತು. ನಾನೇ ಮೀರಿ ಕೊಟ್ಟರೂ ಈ ಹುಡುಗಿ ಮುಟ್ಟುವುದಿಲ್ಲ. ನಾಳೆ ಬಾ ಅನ್ನೋಣವೇ? ಇಂದಿನ ಸಂಜೆ ತಪ್ಪಿದರೆ ಅವಳ ಲೆಕ್ಕದಲ್ಲಿ ಎಲ್ಲ ಮುರಿದ ಹಾಗೇ. "ನಾಳೆಯಿಂದ ಶಾಲೆಗೆ ಬಾ" ಎಂದೇ ಅಲ್ಲವೇ ಮೂರು ಸಲ ಆ ಬಾಗಿಲಿಂದ ಹಿಂದಕ್ಕೆ ಬಂದದ್ದು?

ಅವರ ಮುಖ ನಿಧಾನಕ್ಕೆ ಬೆಳಗಿತು.

"ಚಿತ್ತಮ್ಮ, ಹೆಪ್ಪು ಹೊಸ್ತಿಲು ದಾಟಿ ಹೊರಗೆ ಹೋಗಬಾರದು. ಹಾಲು ಒಳಗೆ ಬರಬಾರದು ಅಂತ ಯಾರೂ ಹೇಳಿಲ್ಲವಲ್ಲ?"

ಅವಳು ಕಣ್ಣು ಬಿಟ್ಟುಕೊಂಡು ನೋಡಿದಳು.

"ನಿಮ್ಮ ಮನೆಯಲ್ಲಿ ದೀಪ ಹಚ್ಚಿದ್ದೀರಾ?"

"ಇಲ್ಲ ಸಾರ್. ಅಜ್ಜಿ ಅಳ್ತಾ ಕೂತವ್ಳೆ. ಹಚ್ಚಿಲ್ಲ."

"ಹಾಗಾದರೆ ಓಡು. ದೀಪ ಹಚ್ಚೋಕೆ ಮುಂಚೆ ನಿಮ್ಮ ಎಮ್ಮೆ ಹಾಲು ತಗೊಂಡು ಬಾ. ಇಲ್ಲೇ ಹಾಕು. ನಾನು ಹಾಕಿದರೆ ಕೆಡಿಸ್ತೀನಿ, ನಿನಗೇ ಗೊತ್ತು."

ಅವಳು ಓಡಿದ ಓಟಕ್ಕೆ ಅಂಗಳದ ಧೂಳು ಎದ್ದಿತು. ಬೋಸಿ ತುಂಬ ಹಾಲು ತಂದಳು. ಮೇಷ್ಟ್ರು ಒಲೆ ಊದಿದರು. ಅವಳು ಕಾಯಿಸಿ, ಆರಿಸಿ, ಕಿರುಬೆರಳು ಅದ್ದಿ ನೋಡಿ, ಕಣ್ಣು ಮುಚ್ಚಿಕೊಂಡು ಆ ಹೆಪ್ಪು ಹಾಕಿದಳು. ಒಲೆಯ ಪಕ್ಕ ಇಟ್ಟು ಮೇಷ್ಟ್ರ ಹಳೇ ಪಂಚೆ ಮಡಿಸಿ ಹೊದಿಸಿದಳು. ಭಾನುವಾರ ಬೆಳಿಗ್ಗೆ ಬಂದು ನೋಡಿದಳು. ಒಂದು ಪದರ ಹಿಡಿದಿತ್ತು, ಗಟ್ಟಿಯಿಲ್ಲ. ಹೆಪ್ಪು ಬಳಲಿತ್ತು. "ಇನ್ನೊಂದು ದಿನ ಬೇಕು ಸಾರ್" ಎಂದು, ಸಂಜೆ ಅದರಲ್ಲೇ ಒಂದು ಚಮಚ ತೆಗೆದು ಹೊಸ ಹಾಲಿಗೆ ಹಾಕಿ ಹೋದಳು. ಮೇಷ್ಟ್ರು ನಾಳೆಯ ಪಟ್ಟಿಯ ಮಾತು ಎತ್ತಲಿಲ್ಲ. ಮುಚ್ಚಳವನ್ನೂ ಎತ್ತಲಿಲ್ಲ. ಎರಡೂ ಎತ್ತದಿರಲು ಅವರು ಎಷ್ಟು ಕಷ್ಟಪಟ್ಟರು ಎಂಬುದು ಅವರ ದೇವರಿಗೆ ಗೊತ್ತು.

ಸೋಮವಾರ ಬೆಳಿಗ್ಗೆ ಬಂದು ಅವಳೇ ಪಂಚೆ ಸರಿಸಿ, ಬೋಸಿ ಓರೆ ಮಾಡಿದಳು. ಮೊಸರು ಅಲ್ಲಾಡಲಿಲ್ಲ. ಕೊಯ್ದರೆ ಹೋಳು ಬರುವಂತಿತ್ತು. ಬೆರಳಿಗೆ ಹಚ್ಚಿಕೊಂಡು ನಾಲಿಗೆಗೆ ಇಟ್ಟಳು.

"ಅವ್ವಂದೇ" ಅಂದಳು.

ಆಮೇಲೆ ಅರ್ಧವನ್ನು ಮೇಷ್ಟ್ರ ಪಾತ್ರೆಗೆ ಹಾಕಿದಳು. "ಇನ್ಮೇಲೆ ಪೂರಾ ತಿನ್ನಬೇಡಿ ಸಾರ್. ಎರಡು ಮನೇಲಿದ್ರೆ ಮುರಿಯಲ್ಲ." ಉಳಿದದ್ದನ್ನು ಎತ್ತಿಕೊಂಡು ಹಟ್ಟಿಯ ಕಡೆ ಹೋದಳು. ಶಾಲೆಗೆ ಬರುತ್ತೇನೆ ಅನ್ನಲಿಲ್ಲ. ಇವರು ಬಾ ಅನ್ನಲಿಲ್ಲ.

ಗಂಟೆ ಹೊಡೆಯಿತು. ಹೆಡ್ ಮೇಷ್ಟ್ರು ಕೆಂಪು ಶಾಯಿಯ ಪೆನ್ನು ಹಿಡಿದು ತಾವೇ ಬಂದು ಮೇಜಿನ ಪಕ್ಕ ನಿಂತರು. ಕಿಟಕಿಯ ಪಕ್ಕದ ಜಾಗ ಖಾಲಿ. ಮೇಷ್ಟ್ರು ಹೆಸರು ಕೂಗುತ್ತ ಹೋದರು. ಹನ್ನೆರಡು. ಹದಿಮೂರು.

"ಚಿತ್ತಮ್ಮ."

ಒಂದು ಉಸಿರು. ಎರಡು ಉಸಿರು. ಹೆಡ್ ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು. ದಕ್ಷಿಣಾಮೂರ್ತಿ ಮೇಷ್ಟ್ರು ಪುಸ್ತಕದ ಮೇಲೆ ಅಂಗೈ ಊರಿದರು. ಮೂರನೆಯ ಉಸಿರು.

"ಹಾಜರ್ ಸಾರ್!"

ದನಿ ಬಂದದ್ದು ಬಾಗಿಲಿನಿಂದಲ್ಲ. ಕಿಟಕಿಯಿಂದ. ತರಗತಿಯೆಲ್ಲ ಆ ಕಡೆ ತಿರುಗಿತು. ಹುಣಸೇಮರದ ದಾರಿಯಲ್ಲಿ, ಅವ್ವ ಗಡಿಗೆ ಹೊತ್ತು ಹೋಗುತ್ತಿದ್ದ ಅದೇ ದಾರಿಯಲ್ಲಿ, ಪುಸ್ತಕದ ಚೀಲ ಎದೆಗವಚಿಕೊಂಡು ಚಿತ್ತಮ್ಮ ಓಡಿ ಬರುತ್ತಿದ್ದಳು. ಕಿಟಕಿಯ ನೇರಕ್ಕೆ ಬಂದಾಗ ಒಂದು ಗಳಿಗೆ ನಿಂತು, ಮೇಷ್ಟ್ರನ್ನು ನೋಡಿ, ಕಿರುಬೆರಳು ಎತ್ತಿದಳು.

ಮೇಷ್ಟ್ರಿಗೆ ಪುಸ್ತಕದ ಗೆರೆ ಕಾಣಲಿಲ್ಲ, ಕಣ್ಣು ಮಂಜಾಗಿತ್ತು. ಅಂದಾಜಿನ ಮೇಲೆ ಹದಿನಾಲ್ಕನೆಯ ಹೆಸರಿನ ಮುಂದೆ ಗುರುತು ಹಾಕಿದರು. ಆಮೇಲೆ ಅವರೂ, ಯಾರಿಗೂ ಕಾಣದಂತೆ, ಮೇಜಿನ ಕೆಳಗೆ ಕಿರುಬೆರಳು ಎತ್ತಿದರು.

ನೀತಿ: ಮನಸ್ಸು ಮುರಿದು ಶಾಲೆಯಿಂದ ದೂರವಾದ ಮಗುವನ್ನು ಬುದ್ಧಿಮಾತು ಕರೆತರುವುದಿಲ್ಲ. ಆ ಮಗುವಿನ ಬಾಗಿಲಲ್ಲಿ ಮೊದಲು ನಾವು ಕೈಚಾಚಿ ನಿಂತು, ಅದು ಕೊಟ್ಟದ್ದನ್ನು ಜೋಪಾನ ಮಾಡಬೇಕು. ಗುರುಶಿಷ್ಯರ ನಂಟು ಹೆಪ್ಪಿನಂಥದು: ಹದವಾದ ಬಿಸಿ ಬೇಕು, ಅಲ್ಲಾಡಿಸದೆ ಕಾಯುವ ತಾಳ್ಮೆ ಬೇಕು. ಕೂಡಿಕೊಳ್ಳುವುದು ಅದು ತಾನಾಗಿಯೇ.